ಹುಳುವಿನ ಜೊತೆ ಅದರ ಗೂಡನ್ನೂ ಇಟ್ಟುಕೊಳ್ಳಿ

ಕೇಳುಗರಿಗೆ ನಮಸ್ಕಾರ.

ಎಲೆಕೋಸಿನ ಎಲೆಯ ಮೇಲೆ ನಿತ್ರಾಣವಾಗಿ ಬಿದ್ದಿರುವ ಮರಿಹುಳುವನ್ನೂ, ಅದರ ಮೈಗೆ ಆತುಕೊಂಡಿರುವ, ಅಕ್ಕಿಕಾಳಿಗಿಂತ ಚಿಕ್ಕದಾದ ಹಳದಿ ಉಂಡೆಗಳ ಗುಂಪನ್ನೂ ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ಬಹಳ ಮಂದಿ ಅವನ್ನು ಮರಿಹುಳುವೇ ಇಟ್ಟ ಮೊಟ್ಟೆಗಳೆಂದು ತಿಳಿದು ಹೊಸಕಿಹಾಕುತ್ತಾರೆ. ಮರಿಹುಳು ಮೊಟ್ಟೆಯಿಡುವುದಿಲ್ಲ, ಅದು ಬೆಳೆದು ಚಿಟ್ಟೆಯಾದ ಮೇಲೆ ತಾನೆ ಮೊಟ್ಟೆ? ಆ ಹಳದಿ ಉಂಡೆಗಳು ಒಂದು ಪರಾವಲಂಬಿ ಕಣಜದ ರೇಷ್ಮೆಗೂಡುಗಳು. ತಾಯಿ ಕಣಜವು ಮರಿಹುಳುವಿನ ಒಡಲೊಳಗೆ ಮೊಟ್ಟೆಗಳನ್ನು ಚುಚ್ಚಿ ಇಟ್ಟಿತ್ತು; ಅದರ ಮರಿಗಳು ಒಳಗೇ ಉಂಡು ಬೆಳೆದು, ಚರ್ಮವನ್ನು ಕೊರೆದು ಹೊರಬಂದು, ಅಲ್ಲಿಯೇ ಗೂಡು ನೇಯ್ದುಕೊಂಡಿವೆ.

ಇಂಥ ಕಣಜಗಳ ಒಂದು ಪ್ರಭೇದವನ್ನು ಇನ್ನೊಂದರಿಂದ ಬೇರೆಯಾಗಿ ಗುರುತಿಸುವುದು ಹೇಗೆ ಎಂಬುದು ಇಂದಿನ ವಿಷಯ. ನನಗೆ ಆಗಾಗ ಹುಳುಗಳ ಚಿತ್ರಗಳು ಬರುತ್ತಿರುತ್ತವೆ. ಒಂದು ಮಿಲಿಮೀಟರಿನ ಕಣಜವೊಂದು ಕಿಟಕಿಯ ಗಾಜಿನ ಮೇಲೆ ಮಸುಕಾಗಿ ಕುಳಿತಿರುತ್ತದೆ, ಕೆಳಗೆ ‘ಇದರ ಹೆಸರೇನು?’ ಎಂಬ ಪ್ರಶ್ನೆಯಿರುತ್ತದೆ. ಅದು ಯಾವ ಹುಳುವಿನೊಳಗಿಂದ ಬಂದಿತೆಂದು ಕೇಳಿದರೆ ಉತ್ತರವಿರುವುದಿಲ್ಲ, ಅದು ಬಿಟ್ಟ ಗೂಡು ಎಲ್ಲಿ ಎಂದರೆ ಬಿಸಾಡಿದೆವು ಎನ್ನುತ್ತಾರೆ. ಅವರ ಮೇಲೆ ನನಗೆ ಕೋಪವಿಲ್ಲ, ಆದರೆ ಬೇಸರವಿದೆ. ಆದ್ದರಿಂದ ಇಂದು ಒಂದೇ ಮಾತನ್ನು ಹೇಳುತ್ತೇನೆ, ಬೇಕಿದ್ದರೆ ಮೂರು ಸಲ ಹೇಳುತ್ತೇನೆ: ಹುಳುವನ್ನಷ್ಟೇ ಅಲ್ಲ, ಅದು ಬಿಟ್ಟುಬಂದ ಗೂಡನ್ನೂ ಇಟ್ಟುಕೊಳ್ಳಿ.

ಎಲೆಕೋಸಿನ ಉದಾಹರಣೆಯನ್ನೇ ಮುಂದುವರಿಸೋಣ. ಹಳದಿ ಗೂಡುಗಳನ್ನು ಗುಂಪಾಗಿ ನೇಯುವುದು ಕೊಟೇಸಿಯ ಗ್ಲೊಮೆರಾಟ. ಅದರ ದಾಯಾದಿಯಾದ ಕೊಟೇಸಿಯ ರುಬೆಕುಲ ಕೂಡ ಬಿಳಿ ಚಿಟ್ಟೆಯ ಮರಿಹುಳುವನ್ನೇ ಆಶ್ರಯಿಸುತ್ತದೆ. ವಯಸ್ಕ ಕಣಜಗಳೆರಡೂ ಪುಟ್ಟವು, ಕಪ್ಪಗಿನವು. ಪಕ್ಕಪಕ್ಕ ಇಟ್ಟರೆ ಅನುಭವಿಗಳೂ ಸೂಕ್ಷ್ಮದರ್ಶಕವನ್ನು ಹುಡುಕಬೇಕಾಗುತ್ತದೆ. ಗೂಡನ್ನು ಇಟ್ಟುಕೊಂಡವರಿಗೆ ಆ ಪಾಡಿಲ್ಲ. ರುಬೆಕುಲದ ಗೂಡು ಬಿಳಿ, ಮತ್ತು ಒಂದು ಮರಿಹುಳುವಿಗೆ ಅಂಥದು ಒಂದೇ ಒಂದು. ಇಷ್ಟೇ ಅಲ್ಲ, ಖಾಲಿ ಗೂಡಿನ ತುದಿಯಲ್ಲಿ ಡಬ್ಬಿಯ ಮುಚ್ಚಳ ತೆರೆದಂತೆ ದುಂಡಗೆ ಕತ್ತರಿಸಿದ ಬಾಯಿದ್ದರೆ ಗೂಡು ನೇಯ್ದವನೇ ಹೊರಬಂದಿದ್ದಾನೆ. ಪಕ್ಕದಲ್ಲಿ ಅಂಕುಡೊಂಕಾಗಿ ಕಡಿದ ತೂತಿದ್ದರೆ ಬಹುಮಟ್ಟಿಗೆ ಬೇರೊಬ್ಬನು, ಅಂದರೆ ಪರಾವಲಂಬಿಗೇ ಪರಾವಲಂಬಿಯಾದ ಇನ್ನೊಂದು ಕಣಜವು, ಒಳಗಿದ್ದವನನ್ನು ತಿಂದು ಹೊರಟಿದೆ. ಸೀಸೆಯಲ್ಲಿ ಸಿಕ್ಕಿದ ಹುಳು ಕಳ್ಳನೋ ಮನೆಯೊಡೆಯನೋ ಎಂಬುದನ್ನು ಹೇಳುವುದು ಆ ತೂತು.

ಈಗ ನನಗೆ ಬಹಳ ಪ್ರಿಯವಾದ ಒಂದು ಪ್ರಸಂಗವನ್ನು ಹೇಳಲೇಬೇಕು. ಕಿತ್ತಳೆ, ನಿಂಬೆ ಮುಂತಾದ ಗಿಡಗಳ ರಸ ಹೀರುವ ಕೆಂಪು ಶಲ್ಕಕೀಟವೊಂದಿದೆ. ಅದು ತನ್ನ ಮೈಮೇಲೆ ದುಂಡಗಿನ ಕೆಂಪು ಚಿಪ್ಪೊಂದನ್ನು ಹೊದ್ದು ಎಲೆಗೂ ಕಾಯಿಗೂ ಅಂಟಿ ಕುಳಿತಿರುತ್ತದೆ. 19ನೆಯ ಶತಮಾನದಲ್ಲಿ ಅದು ಅಮೆರಿಕದ ಕ್ಯಾಲಿಫೋರ್ನಿಯವನ್ನು ಹೊಕ್ಕು ತೋಟಗಳನ್ನು ಒಣಗಿಸತೊಡಗಿತು. 1900ರ ಸುಮಾರಿಗೆ ಅಫೈಟಿಸ್ ಕ್ರೈಸೊಂಫಾಲಿ ಎಂಬ ಹಳದಿ ಕಣಜವೂ, ಯಾರೂ ಕರೆಯದೆಯೇ, ಅಲ್ಲಿಗೆ ಬಂದು ಸೇರಿತು. ಅದು ಶಲ್ಕಕೀಟವನ್ನು ತಿನ್ನುತ್ತಿತ್ತು ನಿಜ, ಆದರೆ ಹತೋಟಿಗೆ ತರಲು ಅದರ ಶಕ್ತಿ ಸಾಲಲಿಲ್ಲ. ಮುಂದೆ ಕೀಟದ ಶತ್ರುಗಳನ್ನು ಹುಡುಕುತ್ತ ಏಷ್ಯಾಕ್ಕೆ ಹೋದವರ ಕಣ್ಣಿಗೆ ಅಲ್ಲಿಯ ಶಲ್ಕಕೀಟಗಳ ಮೇಲೂ ಅಫೈಟಿಸ್ ಕಣಜಗಳು ಬಿದ್ದವು. ಅದೇ ಗಾತ್ರ, ಅದೇ ಹಳದಿ ಬಣ್ಣ, ಅದೇ ಆಹಾರ. ಇದು ನಮ್ಮಲ್ಲಿ ಆಗಲೇ ಇದೆಯಲ್ಲ, ಹೊತ್ತುಕೊಂಡು ಹೋಗಿ ಫಲವೇನು ಎಂದುಕೊಂಡು ಅವನ್ನು ಅಲ್ಲಿಯೇ ಬಿಟ್ಟುಬಂದರು!

ಈ ಒಂದು ತಪ್ಪಿಗೆ ದಶಕಗಳು ಕಳೆದುಹೋದವು. 1947–48ರ ಹೊತ್ತಿಗೆ ದಕ್ಷಿಣ ಚೀನಾದಿಂದ ತರಿಸಿದ ಕಣಜವು ಬೇರೆಯೇ ಪ್ರಭೇದವೆಂದು ತಿಳಿಯಿತು; ಅದಕ್ಕೆ ಅಫೈಟಿಸ್ ಲಿಂಗ್ನಾನೆನ್ಸಿಸ್ ಎಂಬ ಹೆಸರು ಬಂತು. 1956–57ರಲ್ಲಿ ಭಾರತ ಮತ್ತು ಪಾಕಿಸ್ತಾನಗಳಿಂದ ಮತ್ತೊಂದನ್ನು ತಂದರು. ಪಾಲ್ ಡಿಬಾಕ್ ಎಂಬ ವಿಜ್ಞಾನಿ 1959ರಲ್ಲಿ ಅದನ್ನು ಅಫೈಟಿಸ್ ಮೆಲಿನಸ್ ಎಂದು ಹೆಸರಿಸಿದರು. ಕೆಲವೇ ವರ್ಷಗಳಲ್ಲಿ ಮೆಲಿನಸ್ ಒಳನಾಡಿನ ತೋಟಗಳಿಂದ ಲಿಂಗ್ನಾನೆನ್ಸಿಸನ್ನು ಹೊರದೂಡಿ, ಶಲ್ಕಕೀಟವನ್ನು ಅಲ್ಲಿ ಹತ್ತಿಕ್ಕಿತು. ಒಂದೇ ಎಂದು ತಿಳಿದಿದ್ದ ಕಣಜಗಳ ನಡುವೆ ಅಷ್ಟು ಅಂತರವಿತ್ತು.

ಇವನ್ನು ಬೇರ್ಪಡಿಸಿದ್ದು ಹೇಗೆ? ಗಂಡುಹೆಣ್ಣುಗಳನ್ನು ಕೂಡಿಸಿ, ತಳಿ ಮುಂದುವರಿಯುತ್ತದೆಯೇ ಎಂದು ನೋಡಿದರು. ಕ್ರೈಸೊಂಫಾಲಿಯಲ್ಲಂತೂ ಗಂಡುಗಳೇ ಅಪರೂಪ, ಹೆಣ್ಣುಗಳು ಗಂಡಿನ ಹಂಗಿಲ್ಲದೆ ಹೆಣ್ಣುಗಳನ್ನೇ ಹುಟ್ಟಿಸುತ್ತವೆ. ಆದರೆ ನನಗೆ ಮುಖ್ಯವಾದದ್ದು ಇನ್ನೊಂದು. ಶಲ್ಕಕೀಟದ ಚಿಪ್ಪನ್ನು ಸೂಜಿಯ ಮೊನೆಯಿಂದ ಮೆಲ್ಲನೆ ಮಗುಚಿದರೆ, ಕೆಳಗೆ ಹೀರಿ ಒಣಗಿದ ಕೀಟದ ಮೈಯೂ, ಪಕ್ಕದಲ್ಲಿ ಮಲಗಿರುವ ಕಣಜದ ಕೋಶವೂ (ಅಂದರೆ ರೆಕ್ಕೆ ಬರುವ ಮುಂಚಿನ ಅದರ ರೂಪವೂ), ಅದರ ಸುತ್ತ ಹಿಕ್ಕೆಯ ಕಂದುಗುಳಿಗೆಗಳೂ ಕಾಣುತ್ತವೆ. ಆ ಕೋಶದ ಮೈಯಲ್ಲಿ ಯಾವ ಭಾಗ ಕಪ್ಪು, ಯಾವ ಭಾಗ ಹಳದಿ ಎಂಬುದು ಪ್ರಭೇದದಿಂದ ಪ್ರಭೇದಕ್ಕೆ ಬೇರೆ. ರೆಕ್ಕೆ ಬಂದ ಕಣಜವನ್ನು ಮಾತ್ರ ಹಿಡಿದು ತಂದವನು ಅತ್ಯಂತ ಸುಲಭವಾದ ಗುರುತನ್ನು ಚಿಪ್ಪಿನ ಕೆಳಗೇ ಬಿಟ್ಟುಬಂದಂತೆ. ಗೂಡನ್ನು ಇಟ್ಟುಕೊಳ್ಳಿ ಎಂದು ಗೋಗರೆಯುವುದು ಇದಕ್ಕಾಗಿಯೇ.

ಪ್ರಸಂಗ ಉದ್ದವಾಯಿತು, ಉಳಿದದ್ದನ್ನು ಬೇಗನೆ ಹೇಳುತ್ತೇನೆ. ದೊಡ್ಡ ಕುಟುಂಬಗಳನ್ನು ಗುರುತಿಸಲು ರೆಕ್ಕೆಯ ಗೆರೆಗಳನ್ನು ನೋಡಿ. ಇಕ್ನ್ಯೂಮನಿಡ್ ಮತ್ತು ಬ್ರೆಕೊನಿಡ್ ಕಣಜಗಳ ರೆಕ್ಕೆಯಲ್ಲಿ ಗೆರೆಗಳ ಬಲೆಯೇ ಇರುತ್ತದೆ. ಇಕ್ನ್ಯೂಮನಿಡ್‌ಗಳ ಮುಂರೆಕ್ಕೆಯಲ್ಲಿರುವ ಒಂದು ಅಡ್ಡಗೆರೆ ಬ್ರೆಕೊನಿಡ್‌ಗಳಲ್ಲಿಲ್ಲ. ಕ್ಯಾಲ್ಸಿಡ್‌ಗಳ ರೆಕ್ಕೆ ಹೆಚ್ಚುಕಡಿಮೆ ಬೋಳು, ಕುಡಿಮೀಸೆ ಮೊಣಕೈಯಂತೆ ಬಾಗಿರುತ್ತದೆ.

ಪತಂಗದ ಮೊಟ್ಟೆಯೊಳಗೆ ಬೆಳೆಯುವ, ಅರ್ಧ ಮಿಲಿಮೀಟರಿನಷ್ಟಿರುವ ಟ್ರೈಕೋಗ್ರಾಮದ ವಿಚಾರದಲ್ಲಿ ಮಾತ್ರ ಗೂಡು ಅರ್ಧ ಉತ್ತರವನ್ನಷ್ಟೇ ಕೊಡುತ್ತದೆಂದು ಒಪ್ಪಿಕೊಳ್ಳುತ್ತೇನೆ. ಅದು ಹೊಕ್ಕ ಮೊಟ್ಟೆ ಕಪ್ಪಾಗುತ್ತದೆ, ಅದರಿಂದ ಪ್ರಭೇದ ತಿಳಿಯುವುದಿಲ್ಲ. ಗಂಡು ಹುಳುವಿನ ಜನನಾಂಗದ ರಚನೆಯಲ್ಲಿ ನಂಬಿಕೆಗೆ ಯೋಗ್ಯವಾದ ಗುರುತಿದೆ ಎಂದು ಭಾರತದ ಸುಧಾ ನಾಗರಕಟ್ಟಿ ಮತ್ತು ಎಚ್. ನಾಗರಾಜ 1971ರಲ್ಲಿ ತೋರಿಸಿಕೊಟ್ಟ ಮೇಲೆಯೇ ಆ ಕುಲದ ಗೊಂದಲ ತಿಳಿಯಾಗತೊಡಗಿತು.

ವಂಶವಾಹಿ ಪರೀಕ್ಷೆ ಬಂದಿರುವಾಗ ಗೂಡಿನ ಗೊಡವೆ ಏಕೆ ಎಂದು ಕೇಳುವವರಿಗೆ ಒಂದು ಮಾತು. ಕೋಸ್ಟರಿಕದಲ್ಲಿ 30ಕ್ಕೂ ಹೆಚ್ಚು ಬಗೆಯ ಚಿಟ್ಟೆಗಳ ಮರಿಹುಳುಗಳನ್ನು ಆಶ್ರಯಿಸುತ್ತದೆಂದು ನಂಬಿದ್ದ ಒಂದೇ ಕಣಜವು ವಂಶವಾಹಿ ಪರೀಕ್ಷೆಯಲ್ಲಿ 36 ಬೇರೆ ಬೇರೆ ಪ್ರಭೇದಗಳಂತೆ ಕಂಡಿತು. 2008ರಲ್ಲಿ ಪ್ರಕಟವಾದ ಸಂಗತಿಯಿದು. ಆ ಫಲಿತಾಂಶಕ್ಕೆ ಅರ್ಥ ಬಂದದ್ದು, ಪ್ರತಿಯೊಂದು ಕಣಜವೂ ಯಾವ ಮರಿಹುಳುವಿನಿಂದ ಬಂತೆಂದು ಅಲ್ಲಿಯವರು ಮೊದಲೇ ಬರೆದಿಟ್ಟಿದ್ದರಿಂದ.

ಆದ್ದರಿಂದ ಒಂದು ಮರಿಹುಳುವಿಗೆ ಒಂದೇ ಸೀಸೆ, ಬಾಯಿಗೆ ಬಿಗಿಯಾದ ಹತ್ತಿ. ಕಣಜ ಹೊರಬಂದ ಮೇಲೆ ಅದನ್ನು ಮದ್ಯಸಾರದಲ್ಲಿ ಹಾಕಿ; ಗೂಡನ್ನೂ ಮರಿಹುಳುವಿನ ಒಣ ಮೈಯನ್ನೂ ಬೇರೆ ಕೊಳವೆಯಲ್ಲಿ ಹಾಗೆಯೇ ಇಟ್ಟು, ಎರಡಕ್ಕೂ ಒಂದೇ ಸಂಖ್ಯೆ ಕೊಡಿ. ಚೀಟಿಯಲ್ಲಿ ದಿನಾಂಕ, ಗಿಡ, ಮರಿಹುಳು ಇಷ್ಟಿದ್ದರೆ ಸಾಕು. ಅದನ್ನು ಪೆನ್ಸಿಲ್ಲಿನಲ್ಲಿ ಬರೆಯಿರಿ, ಮದ್ಯಸಾರದಲ್ಲಿ ಪೆನ್ನಿನ ಶಾಯಿ ಕರಗಿಹೋಗುತ್ತದೆ.

ನಮಸ್ಕಾರ.