ಬೆಳಕು ಗಿಡದ್ದೇ

ಕೇಳುಗರಿಗೆ ನಮಸ್ಕಾರ. ಸಂಜೆ ಹೂಗಿಡಗಳಿಗೆ ನೀರು ಹಾಕಿ ಈಗ ತಾನೇ ಕೂತಿದ್ದೀರಿ ಅಂದುಕೊಂಡಿದ್ದೇನೆ. ಕತ್ತಲಲ್ಲಿ ಹೊಳೆಯುವ ಪೆಟೂನಿಯ ಗಿಡದ ವಿಷಯ ಹೇಳಬೇಕು. ಎಲ್ಲಿ ಹೋದರೂ ಜನ ಕೇಳುವುದು ಒಂದೇ: ಬಣ್ಣ ಬಳಿದಿದ್ದಾರಾ? ಬಿಸಿಲಲ್ಲಿಟ್ಟು ಚಾರ್ಜ್ ಮಾಡಬೇಕಾ? ಇಲ್ಲ, ದಯವಿಟ್ಟು ಕೇಳಿ. ಆ ಬೆಳಕು ಗಿಡದ್ದೇ.

ನಾನು ಚಿಕ್ಕವಳಿದ್ದಾಗ ಮಲೆನಾಡಿನ ಅಜ್ಜಿ ಮನೆಯಲ್ಲಿ ಒಂದು ಮಳೆಗಾಲದ ರಾತ್ರಿ ಕರೆಂಟ್ ಹೋಗಿತ್ತು. ಕೊಟ್ಟಿಗೆ ಹಿಂದೆ ಏನೋ ಮಂಕಾಗಿ ಹಸಿರಾಗಿ ಹೊಳೆಯುತ್ತಿತ್ತು. ಹೆದರಿ ಅಜ್ಜಿಯ ಸೆರಗು ಹಿಡಿದುಕೊಂಡೆ. ಅಜ್ಜಿ ಲಾಟೀನು ತಂದರು. ನೋಡಿದರೆ ಹೊಳಪೇ ಇಲ್ಲ, ಬರೀ ಕೊಳೆತ ಮರದ ತುಂಡು! ಬತ್ತಿ ಇಳಿಸಿ ಸುಮ್ನೆ ನಿಂತೆವು. ಸ್ವಲ್ಪ ಹೊತ್ತಿಗೆ ಮತ್ತೆ ಹಸಿರು. ಅಜ್ಜಿ ಒಂದು ಚಕ್ಕೆ ಮುರಿದು ನನ್ನ ಅಂಗೈಗಿಟ್ಟರು. "ಸುಡಲ್ಲ ಮಗಾ, ಅಣಬೆ ಹಿಡಿದ ಕಟ್ಟಿಗೆ ಇದು." ತಣ್ಣಗಿತ್ತು. ಬೆರಳ ಸಂದಿಯಲ್ಲೆಲ್ಲಾ ಆ ಹಸಿರು ಕಾಣುತ್ತಿತ್ತು. ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ.

ಪೆಟೂನಿಯಕ್ಕೆ ಬಂದಿರುವುದೂ ಅಣಬೆಯ ವಿದ್ಯೆಯೇ. ನಿಯೊನೊತೊಪ್ಯಾನಸ್ ನಂಬಿ ಅಂತ ಒಂದು ಹೊಳೆಯುವ ಅಣಬೆ ಇದೆ. ಅದರ ಜೀನ್‌ಗಳನ್ನು ಅಂದರೆ ಹೊಳೆಯುವ ಗುಣ ಹೊತ್ತ ವಂಶವಾಹಿಗಳನ್ನು ಗಿಡಕ್ಕೆ ಸೇರಿಸಿದ್ದಾರೆ. ಗಿಡಗಳಲ್ಲಿ ಕೆಫೀಕ್ ಆಮ್ಲ ಮೊದಲೇ ಇರುತ್ತದೆ, ಕಾಂಡ ಗಟ್ಟಿಯಾಗಲು ಬೇಕಲ್ವಾ. ಅಣಬೆಯ ಜೀನ್‌ಗಳು ಅದನ್ನೇ ಉರುವಲು ಮಾಡಿಕೊಳ್ಳುತ್ತವೆ. ಬೆಳಕು ಬೀರಿದ ಮೇಲೆ ಆ ಉರುವಲು ಮತ್ತೆ ಕೆಫೀಕ್ ಆಮ್ಲವೇ ಆಗುತ್ತದೆ. ಹೊರಗಿನಿಂದ ಏನೂ ಸುರಿಯಬೇಕಿಲ್ಲ. 1986ರಲ್ಲಿ ಅಮೆರಿಕದಲ್ಲಿ ತಂಬಾಕು ಗಿಡಕ್ಕೆ ಮಿಂಚುಹುಳದ ಜೀನ್ ಹಾಕಿದ್ದರು. ಆಗ ಉರುವಲನ್ನು ಹೊರಗಿನಿಂದ ಕೊಡಬೇಕಿತ್ತು. ಈಗ ಆ ಕಷ್ಟ ಇಲ್ಲ. ಅದಕ್ಕೇ ಮತ್ತೆ ಹೇಳುತ್ತೇನೆ, ಬೆಳಕು ಗಿಡದ್ದೇ.

ಸಮಯ ಕಡಿಮೆ ಇದೆ, ಬೇಗ ಹೇಳಿಬಿಡುತ್ತೇನೆ. 2020ರಲ್ಲಿ ಅಣಬೆಯ ಜೀನ್ ಇರುವ ತಂಬಾಕು ಹೊಳೆಯಿತು. 2023ರಲ್ಲಿ ಪೆಟೂನಿಯಕ್ಕೆ ಅಮೆರಿಕದ ಕೃಷಿ ಇಲಾಖೆ ಒಪ್ಪಿಗೆ ಕೊಟ್ಟಿತು. ಲೈಟ್ ಬಯೋ ಅನ್ನುವ ಕಂಪನಿ 2024ರಲ್ಲಿ 29 ಡಾಲರ್‌ಗೆ ಒಂದು ಗಿಡದಂತೆ ಅಲ್ಲಿ ಮಾರಾಟ ಶುರು ಮಾಡಿತು. ಹಗಲಲ್ಲಿ ಅದು ಮಾಮೂಲಿ ಬಿಳಿ ಹೂವು.

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋದಾಗ ಇದನ್ನು ಕಂಡರೆ, ಬೀದಿ ದೀಪದ ಕೆಳಗೆ ನಿಂತು "ಏನೂ ಕಾಣಲ್ಲ" ಅನ್ನಬೇಡಿ. ದೀಪ ಆರಿಸಿ. ಮೊಬೈಲ್ ಒಳಗಿಡಿ. ಕಣ್ಣು ಕತ್ತಲಿಗೆ ಹೊಂದಿಕೊಳ್ಳುವವರೆಗೆ ಕಾಯಿರಿ. ಆಮೇಲೆ ಮೊದಲು ಮೊಗ್ಗುಗಳನ್ನು ನೋಡಿ. ಹೊಳಪು ಜಾಸ್ತಿ ಇರುವುದು ಅಲ್ಲೇ.