ಅಮ್ಮನ ಸೊಂಟನೋವಿಗೆ ಎಣ್ಣೆ ಮಸಾಜ್, ಮತ್ತೆ ಆ 2150 ರೂಪಾಯಿ ಬಿಲ್ | ಮೈಸೂರು ವ್ಲಾಗ್

ಇದು ಸಯ್ಯಾಜಿರಾವ್ ರಸ್ತೆ. ಸ್ಕೂಟರ್ ನಿಲ್ಲಿಸುವುದಕ್ಕೆ ಜಾಗ ಹುಡುಕಿದ್ದನ್ನೆಲ್ಲ ಕಟ್ ಮಾಡಿದ್ದೇನೆ. ಪಕ್ಕದಲ್ಲಿ ನಡೆಯುತ್ತಿರುವುದು ಅಮ್ಮ. ಮುಖ ತೋರಿಸಬೇಡ ಅಂದಿದ್ದಾರೆ, ಹಾಗಾಗಿ ಸೀರೆ ನೆರಿಗೆ, ಚಪ್ಪಲಿ ಮಾತ್ರ ಕಾಣುತ್ತದೆ. ನಡೆಯುವಾಗ ಎಡಗೈ ಸೊಂಟದ ಮೇಲೇ ಇದೆ ನೋಡಿ, ಅದಕ್ಕೇ ಇವತ್ತಿನ ವಿಡಿಯೋ.

ನೆಲ ಒರೆಸಿ ಎದ್ದರೆ ಅಮ್ಮನಿಗೆ ಸೊಂಟ ಹಿಡಿದುಕೊಳ್ಳುತ್ತದೆ. ಡಾಕ್ಟರ್ ನೋಡಿದರು, ಎಕ್ಸ್‌ರೇ ಆಯಿತು. ಮೂಳೆಯಲ್ಲಿ ತೊಂದರೆ ಇಲ್ಲ, ಸ್ನಾಯು ಬಿಗಿದಿದೆ ಅಂದರು. ನೋವಿನ ಮಾತ್ರೆ ನುಂಗಿದರೆ ಅಮ್ಮನಿಗೆ ಹೊಟ್ಟೆ ಉರಿ. ಮಸಾಜ್ ಮಾಡಿಸಬಹುದಾ ಅಂತ ಕೇಳಿದ್ದಕ್ಕೆ ಧಾರಾಳವಾಗಿ ಮಾಡಿಸಿ ಅಂದರು. ಇದು ಆ ಡಾಕ್ಟರ್ ಒಬ್ಬರ ಮಾತಲ್ಲ. ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ ಅನ್ನುವ ವೈದ್ಯರ ಸಂಸ್ಥೆ 2017ರಲ್ಲಿ ಸೊಂಟನೋವಿನ ಬಗ್ಗೆ ಸಲಹೆ ಕೊಟ್ಟಿತು. ಹೊಸದಾಗಿ ಬಂದ ನೋವಿಗೆ ಮೊದಲೇ ಮಾತ್ರೆ ಬೇಡ. ಬಿಸಿ ಶಾಖ, ಮಸಾಜ್ ಇಂಥವನ್ನು ಮೊದಲು ನೋಡಿ ಅಂತ. ಆಧಾರ ತುಂಬಾ ಗಟ್ಟಿ ಅಂತ ಅವರೂ ಹೇಳಲಿಲ್ಲ. ಆದರೆ ಹೊಟ್ಟೆ ಉರಿ ತರದ ಉಪಾಯ ಒಂದು ಇದ್ದರೆ ಅದನ್ನು ಮೊದಲು ಮಾಡುವುದರಲ್ಲಿ ತಪ್ಪೇನಿದೆ?

ದೇವರಾಜ ಮಾರ್ಕೆಟ್ ಒಳಗೆ ಬಂದೆವು. ಹೂವಿನ ಸಾಲು ಸುಮ್ನೆ ನೋಡಿಕೊಳ್ಳಿ. ನಾವು ಬಂದಿರುವುದು ಎಳ್ಳೆಣ್ಣೆಗೆ. ಅಂಗಡಿಯವರು ಮುಚ್ಚಳ ತೆಗೆದು ಅಮ್ಮನ ಅಂಗೈಗೆ ಎರಡು ಹನಿ ಬಿಟ್ಟರು. ಅಮ್ಮ ಉಜ್ಜಿ, ಮೂಸಿ, ಇದು ಬೇಡ, ಹಿಂದಿನ ಡಬ್ಬದ್ದು ಕೊಡಿ ಅಂದರು. ಅಮ್ಮನ ಮೂಗಿನ ಮೇಲೆ ನನಗೆ ಪೂರ್ತಿ ನಂಬಿಕೆ. ಪಕ್ಕದಲ್ಲಿದ್ದ ಅಜ್ಜಿ ಒಬ್ಬರು ಮೊಮ್ಮಗುವಿಗೆ ಕೊಬ್ಬರಿ ಎಣ್ಣೆ ಕೊಳ್ಳುತ್ತಿದ್ದರು. ಅಮ್ಮ, ಅವರು ಬಾಣಂತನದ ಮಾತಿಗೆ ನಿಂತೇಬಿಟ್ಟರು. ಹಂಡೆ ನೀರು, ಕಾಲ ಮೇಲೆ ಮಗು ಮಲಗಿಸಿಕೊಂಡು ತಿಕ್ಕುವುದು, ಆಮೇಲೆ ಅದು ಮಲಗುವ ನಿದ್ದೆ. ಮಗುವಿಗೆ ಎಣ್ಣೆ ತಿಕ್ಕುವುದು ನಿಜಕ್ಕೂ ಒಳ್ಳೆಯದು. 1986ರಲ್ಲಿ ಟಿಫನಿ ಫೀಲ್ಡ್ ಅನ್ನುವ ಸಂಶೋಧಕಿ ಮತ್ತು ಜೊತೆಯವರು, ಅವಧಿಗೆ ಮುಂಚೆ ಹುಟ್ಟಿದ ಶಿಶುಗಳಿಗೆ ದಿನಕ್ಕೆ 15 ನಿಮಿಷದಂತೆ 3 ಸಲ, 10 ದಿನ ಮಸಾಜ್ ಮಾಡಿ ನೋಡಿದರು. ಆ ಮಕ್ಕಳ ತೂಕ, ಮಸಾಜ್ ಇಲ್ಲದ ಮಕ್ಕಳಿಗಿಂತ 47 ಶೇಕಡಾ ಜಾಸ್ತಿ ಏರಿತು. ಆದರೆ ಮಗುವಿನ ಮೂಗಿಗೆ, ಕಿವಿಗೆ ಎಣ್ಣೆ ಬಿಡುವುದನ್ನು ದಯವಿಟ್ಟು ನಿಲ್ಲಿಸಿ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಆ ಅಜ್ಜಿಗೂ ಇದನ್ನೇ ಹೇಳಿದೆ. ನಮ್ಮ ಕಾಲದಲ್ಲಿ ಏನೂ ಆಗಲಿಲ್ಲವಲ್ಲ ಮಗಳೇ ಅಂದರು. ಆದವರ ವಿಷಯ ಹೊರಗೆ ಬರಲಿಲ್ಲ ಅಷ್ಟೇ ಅಜ್ಜಿ ಅಂದೆ. ಸ್ವಲ್ಪ ಯೋಚನೆ ಮಾಡಿದರು, ಅದೇ ಸಂತೋಷ.

ಈಗ ಬಂದಿರುವುದು ಮಸಾಜ್ ಸೆಂಟರ್. ಹೆಸರು ಹೇಳುವುದಿಲ್ಲ, ಬೋರ್ಡನ್ನೂ ಮಸುಕು ಮಾಡಿದ್ದೇನೆ. ಒಳಗೆ ಕ್ಯಾಮೆರಾ ಬಿಡಲಿಲ್ಲ, ಅದು ಸರಿಯಾದದ್ದೇ. ಮಸಾಜ್ ಮಾಡುವ ಅಕ್ಕ ಶ್ರೀರಂಗಪಟ್ಟಣದ ಕಡೆಯವರು. ನಾನು ಕೇಳಿದ್ದಕ್ಕೆ ಹೊರಗೆ ನನ್ನ ಮುಂಗೈ ಮೇಲೆ ಮಾಡಿ ತೋರಿಸಿದರು. ಈ ಶಾಟ್ ನಿಧಾನವಾಗಿ ನೋಡಿ. ಎಣ್ಣೆಯ ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿ ಇಟ್ಟಿದ್ದಾರೆ, ನೇರ ಒಲೆಯ ಮೇಲಲ್ಲ. ಮೊದಲು ತಮ್ಮ ಮಣಿಕಟ್ಟಿಗೆ ಹಚ್ಚಿಕೊಂಡು ಬಿಸಿ ನೋಡುತ್ತಾರೆ. ಆಮೇಲೆ ಅಂಗೈ ಅಗಲ ಮಾಡಿ ಉದ್ದಕ್ಕೆ ನೀವುತ್ತಾರೆ, ಇನ್ನೂ ಒತ್ತುತ್ತಿಲ್ಲ. ಮೈ ಬಿಸಿಯಾದ ಮೇಲೆ ಹೆಬ್ಬೆರಳು ಸಣ್ಣ ಸುತ್ತು ಸುತ್ತುತ್ತದೆ. ಗಂಟು ಸಿಕ್ಕಿದ ಕಡೆ ನಿಲ್ಲುತ್ತದೆ, ಒತ್ತಿ ಹಿಡಿಯುತ್ತದೆ, ಬಿಡುತ್ತದೆ. ನನ್ನ ಮುಂಗೈಯಲ್ಲೇ ಒಂದು ಗಂಟು ಹಳೇ ಹುಣಸೆಹಣ್ಣಿನ ಉಂಡೆಯ ಹಾಗೆ ಗಟ್ಟಿಯಾಗಿತ್ತು. ಅದು ಫೋನ್ ಹಿಡಿದು ಹಿಡಿದು ಬಂದದ್ದಂತೆ. ಬೆನ್ನಿನಲ್ಲಿ ಮೂಳೆಯ ಮೇಲೆ ಒತ್ತಲೇಬಾರದು, ಮೂಳೆಯ ಎರಡು ಪಕ್ಕದಲ್ಲಿ ಮಾತ್ರ ಅಂದರು. ಜೋರಾಗಿ ಒತ್ತಿದರೆ ಜಾಸ್ತಿ ಗುಣ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. 2011ರಲ್ಲಿ ಅಮೆರಿಕದಲ್ಲಿ ಹಳೆಯ ಸೊಂಟನೋವಿದ್ದ 401 ಜನರ ಮೇಲೆ ಅಧ್ಯಯನ ಆಯಿತು. ಸ್ನಾಯು ಹುಡುಕಿ ಒತ್ತುವ ಮಸಾಜ್ ಒಂದು ಗುಂಪಿಗೆ, ಸುಮ್ನೆ ಮೈ ಸಡಿಲ ಮಾಡುವ ಮಸಾಜ್ ಇನ್ನೊಂದಕ್ಕೆ, ವಾರಕ್ಕೊಂದರಂತೆ 10 ವಾರ. ಎರಡೂ ಗುಂಪಿನವರು ಮಸಾಜ್ ಇಲ್ಲದವರಿಗಿಂತ ಚೆನ್ನಾಗಿದ್ದರು, ತಮ್ಮತಮ್ಮೊಳಗೆ ವ್ಯತ್ಯಾಸ ಹೇಳಿಕೊಳ್ಳುವಷ್ಟು ಇರಲಿಲ್ಲ. ವರ್ಷ ಆಗುವಷ್ಟರಲ್ಲಿ ಆ ಲಾಭ ಬಹುಪಾಲು ಕರಗಿತ್ತು. ಅಂದರೆ ಒಂದು ಸಲ ಮಾಡಿಸಿ ಬಿಟ್ಟರೆ ಆಗುವುದಿಲ್ಲ, ಮುಂದುವರಿಸಬೇಕು.

ಈ ಅಕ್ಕನ ಹೆಬ್ಬೆರಳ ಬುಡ ನೋಡಿ, ಊದಿದೆ. ಇಡೀ ದಿನ ಬೇರೆಯವರ ನೋವು ತಿಕ್ಕಿ ಇವರಿಗೆ ನೋವು. ಈಗೀಗ ಮುಂಗೈ, ಮೊಣಕೈ ಜಾಸ್ತಿ ಬಳಸುತ್ತೇನೆ ಅಂದರು. ಇದು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ.

ಈಗ ಬಿಲ್. ಬೋರ್ಡಿನಲ್ಲಿ ಅಭ್ಯಂಗ ಒಂದು ಗಂಟೆಗೆ 1200 ಅಂತ ಇತ್ತು. ನಾನು ಕೇಳಿದ್ದೂ ಅದೊಂದೇ. ಕೌಂಟರಿನಲ್ಲಿ ಕೊಟ್ಟ ಚೀಟಿ 2150. ಆವಿ ಸ್ನಾನ 350, ಡಿಟಾಕ್ಸ್ ಎಣ್ಣೆ 600. ಅಮ್ಮನನ್ನು ಕೇಳಿದರೆ, "ಏನೋ ಹಾಕ್ಲಾಮ್ಮ ಅಂದ್ರು, ಹೂಂ ಅಂದೆ" ಅನ್ನುತ್ತಾರೆ. ಮೈಗೆಲ್ಲ ಎಣ್ಣೆ ಹಚ್ಚಿ ಮಲಗಿಸಿದ ಮೇಲೆ ಯಾರು ಏನು ಕೇಳಿದರೂ ಹೂಂ ಅನ್ನುತ್ತಾರೆ ಅಲ್ವಾ? ಆಗ ಒಪ್ಪಿಗೆ ಕೇಳುವುದೇ ತಪ್ಪು. ಏನು ಈ ಡಿಟಾಕ್ಸ್ ಅಂತ ಕೇಳಿದೆ. "ಮೇಡಂ, ಮೈಯಲ್ಲಿರೋ ವಿಷ ಎಲ್ಲ ಹೊರಗೆ ಬರತ್ತೆ, ಎಲ್ರೂ ತಗೋತಾರೆ" ಅಂದ ಕೌಂಟರಿನ ಹುಡುಗ. ಯಾವ ವಿಷ? ಅವನಿಗೆ ಗೊತ್ತಿಲ್ಲ. ನಮ್ಮ ಮೈಯ ಕಸ ತೆಗೆಯುವ ಕೆಲಸ ಲಿವರ್, ಕಿಡ್ನಿಯದು. ಬೆನ್ನು ತಿಕ್ಕಿದರೆ ಅದು ಎಣ್ಣೆಯಲ್ಲಿ ಬರುವುದಿಲ್ಲ. ಮೈ ದಣಿದಾಗ ಸ್ನಾಯುವಿನಲ್ಲಿ ಸೇರುವ ಲ್ಯಾಕ್ಟಿಕ್ ಆಮ್ಲ ಮಸಾಜಿನಿಂದ ಹೋಗುತ್ತದೆ ಅಂತಲೂ ಹೇಳುತ್ತಾರೆ, ಅದೂ ಸುಳ್ಳು. 2012ರಲ್ಲಿ ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ 11 ಯುವಕರನ್ನು ಸುಸ್ತಾಗುವ ತನಕ ಸೈಕಲ್ ತುಳಿಸಿ, ಒಂದು ಕಾಲಿಗೆ ಮಾತ್ರ 10 ನಿಮಿಷ ಮಸಾಜ್ ಮಾಡಿದರು. ಎರಡೂ ತೊಡೆಯಿಂದ ಸ್ನಾಯುವಿನ ಚೂರು ತೆಗೆದು ನೋಡಿದರೆ, ಮಸಾಜ್ ಆದ ಕಾಲಿನಲ್ಲಿ ಉರಿಯೂತದ ಲಕ್ಷಣ ಕಡಿಮೆ ಇತ್ತು. ಲ್ಯಾಕ್ಟಿಕ್ ಆಮ್ಲ ಎರಡರಲ್ಲೂ ಅಷ್ಟೇ. ಇಷ್ಟು ಒಳ್ಳೆಯ ನಿಜ ಕೈಯಲ್ಲಿರುವಾಗ ಇಲ್ಲದ ವಿಷದ ಹೆಸರಿನಲ್ಲಿ ದುಡ್ಡು ಯಾಕೆ ಕೀಳಬೇಕು? ನನಗೆ ಸಿಟ್ಟು ಬಂದದ್ದು 600 ರೂಪಾಯಿಗೆ ಮಾತ್ರ ಅಲ್ಲ. ವಿಷ ಅಂದ ಕೂಡಲೇ ಅಮ್ಮನಂಥವರು ಹೆದರುತ್ತಾರೆ. ಅರ್ಧ ಗಂಟೆ ವಾದ ಆದ ಮೇಲೆ ಡಿಟಾಕ್ಸ್ ಕಾಸು ತೆಗೆದರು. ಆವಿಯದು ತೆಗೆಯಲಿಲ್ಲ. ಅದರಲ್ಲಿ ಆ ಅಕ್ಕನ ಕೈಗೆ ಎಷ್ಟು ಸೇರುತ್ತದೆ ಅಂತ ಕೇಳಿದೆ, ಉತ್ತರ ಬರಲಿಲ್ಲ.

ಆವಿ ಪೆಟ್ಟಿಗೆ ಕೂಡ ವೇಸ್ಟ್ ಅಂತ ಆಗ ಅಂದುಕೊಂಡಿದ್ದೆ. ಆದರೆ ಅಮ್ಮ ಕೆಂಪು ಮುಖ ಮಾಡಿಕೊಂಡು ಹೊರಗೆ ಬಂದು, ಬಗ್ಗಿ ತಮ್ಮ ಚಪ್ಪಲಿ ತಾವೇ ಹಾಕಿಕೊಂಡರು. ಸರಿ, 350 ಇರಲಿ.

ಗಾಡಿ ಹತ್ತಿರ ಹೋಗುವಾಗ ಸರ್ಕಾರಿ ಆಯುರ್ವೇದ ಕಾಲೇಜಿನ ಮುಂದೆ ಬಂದೆವು, ಇದೇ ರಸ್ತೆಯಲ್ಲಿದೆ. 1908ರಿಂದ ಇರುವ ಸಂಸ್ಥೆ. ನನ್ನ ಅಭಿಪ್ರಾಯದಲ್ಲಿ ಮೊದಲು ಇಂಥ ಕಡೆ ವೈದ್ಯರಿಗೆ ತೋರಿಸಿ, ಆಮೇಲೆ ಎಣ್ಣೆ. ಮೈಸೂರಿನವರಿಗೆ ಮೈ ತಿಕ್ಕಿಸಿಕೊಳ್ಳುವುದು ಹೊಸದಲ್ಲ. ಇಲ್ಲಿ ಗರಡಿ ಮನೆಗಳು ಇನ್ನೂ ಇವೆ, ಸಾಮು ಮಾಡಿದ ಮೇಲೆ ಪೈಲ್ವಾನರು ಒಬ್ಬರಿಗೊಬ್ಬರು ಮೈ ತಿಕ್ಕುತ್ತಾರೆ. ವಿಜಯದಶಮಿಯ ದಿನ ಅರಮನೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ನೋಡಿದ್ದೀರಾ? ಅದರದೇ ಒಂದು ವಿಡಿಯೋ ಮಾಡಬೇಕು. ಶಾಟ್ ಮುಗಿಯಿತು, ಮನೆಗೆ ಬಂದೆವು.

ಇಲ್ಲಿ ಕಾಣುತ್ತಿರುವುದು ನನ್ನ ಕೈ, ರಾತ್ರಿ ಊಟಕ್ಕೆ ಮುಂಚೆ. ಮಾರ್ಕೆಟ್ಟಿನ ಎಳ್ಳೆಣ್ಣೆ, ಅಕ್ಕ ಹೇಳಿಕೊಟ್ಟ ಕ್ರಮ. ಅಮ್ಮನಿಗೆ ನಿದ್ದೆ ಚೆನ್ನಾಗಿ ಬರುತ್ತಿದೆ. ಸೊಂಟ ಪೂರ್ತಿ ಬಿಟ್ಟಿಲ್ಲ. ಡಾಕ್ಟರ್ ಹೇಳಿದ ವ್ಯಾಯಾಮವೂ ಜೊತೆಗೆ ನಡೆಯುತ್ತಿದೆ, ಅದನ್ನು ಬಿಟ್ಟು ಬರೀ ಮಸಾಜ್ ನಂಬಬೇಡಿ.

ಯಾರಿಗೆ ಬೇಡ ಅನ್ನುವುದನ್ನೂ ಹೇಳಿಬಿಡುತ್ತೇನೆ, ಎಣ್ಣೆ ಬಟ್ಟಲು ಖಾಲಿ ಆಗುತ್ತಿದೆ. ಜ್ವರ ಇದ್ದರೆ ಬೇಡ. ಗಾಯ, ಮೂಳೆ ಮುರಿತ ಇದ್ದರೆ ಬೇಡ. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು, ಬಸುರಿಯರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಡಾಕ್ಟರನ್ನು ಕೇಳಿಯೇ ಮಾಡಿಸಿಕೊಳ್ಳಿ. ಹೊಟ್ಟೆ ಕೆಟ್ಟು ಅಜೀರ್ಣ ಆಗಿದ್ದಾಗ ಅಭ್ಯಂಗ ಬೇಡ ಅಂತ ಆಯುರ್ವೇದವೇ ಹೇಳುತ್ತದೆ. ಕಟಿಂಗ್ ಆದ ಮೇಲೆ ಕತ್ತು ಲಟಕ್ಕನೆ ತಿರುಗಿಸುತ್ತಾರಲ್ಲ, ಅದಕ್ಕೆ ಬೇಡ ಅಂತ ಬಾಯಿಬಿಟ್ಟು ಹೇಳಿ. ಅಲ್ಲಿ ಮೆದುಳಿಗೆ ಹೋಗುವ ರಕ್ತನಾಳ ಇದೆ, ಹರಿದರೆ ಪಾರ್ಶ್ವವಾಯು ಆಗಬಹುದು. ಇನ್ನೊಂದು, ಒಂದೇ ಕಾಲು ಊದಿ, ಬಿಸಿಯಾಗಿ, ಮೀನಖಂಡ ನೋಯುತ್ತಿದ್ದರೆ ಯಾರೂ ಅದನ್ನು ತಿಕ್ಕಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ತಿಕ್ಕಿದರೆ ಅದು ಕಳಚಿ ಶ್ವಾಸಕೋಶಕ್ಕೆ ಹೋಗಬಹುದು. ಅಂಥ ಕಾಲಿದ್ದರೆ ವಿಡಿಯೋ ನಿಲ್ಲಿಸಿ, ಈಗಲೇ ಆಸ್ಪತ್ರೆಗೆ ಹೋಗಿ.