ಗಿಡದ ಬುದ್ಧಿ ಬಾಗಿಲಾಚೆ ಇರಲಿ

ಎಲ್ಲರಿಗೂ ನಮಸ್ಕಾರ. ಊಟದ ನಂತರದ ಗೋಷ್ಠಿ ನನ್ನ ಪಾಲಿಗೆ ಬಂದಿದೆ. ಹಿಂದಿನ ಸಾಲಿನಲ್ಲಿ ಆಗಲೇ ಒಂದಿಬ್ಬರು ತೂಕಡಿಸುತ್ತಿದ್ದಾರೆ. ದಯವಿಟ್ಟು ಎಬ್ಬಿಸಬೇಡಿ. ಅಣಬೆ ಬೆಳೆಸುವುದಕ್ಕೆ ಅಂಥವರೇ ಬೇಕು.

ಬೆಳಿಗ್ಗೆಯಿಂದ ಇಲ್ಲಿ ಕೈತೋಟದ ಮಾತು ನಡೆದಿದೆ. ನೀವೆಲ್ಲ ಗಿಡ ಬೆಳೆಸಿ ಕೈ ಪಳಗಿದವರು. ನನ್ನ ತಕರಾರು ಇರುವುದೇ ಅಲ್ಲಿ. ನಾನು ಕಂಡಂತೆ, ಮನೆಯಲ್ಲಿ ಅಣಬೆ ಬೆಳೆಯಲು ಹೊರಟು ಬೇಗ ಸೋಲುವವರು ಏನೂ ಗೊತ್ತಿಲ್ಲದವರಲ್ಲ, ತೋಟಗಾರಿಕೆಯನ್ನು ಚೆನ್ನಾಗಿ ಬಲ್ಲವರು. ಬಿಸಿಲಿಗಿಡುವುದು, ಗೊಬ್ಬರ ಕೊಡುವುದು, ದಿನಾ ನೀರು ಹಾಕುವುದು, ಮುಟ್ಟಿ ಮುಟ್ಟಿ ನೋಡುವುದು ಗಿಡಕ್ಕೆ ಪ್ರೀತಿ, ಅಣಬೆಗೆ ಕಿರುಕುಳ. ಅದರಲ್ಲಿ ಪತ್ರಹರಿತ್ತಿಲ್ಲ, ಬಿಸಿಲಿನಿಂದ ಅದಕ್ಕೆ ಅನ್ನ ಹುಟ್ಟುವುದಿಲ್ಲ. ಹುಲ್ಲನ್ನೇ ಅರಗಿಸಿಕೊಂಡು ತಿನ್ನುತ್ತದೆ. ಅದರ ಕೋಶಭಿತ್ತಿಯಲ್ಲಿ ಕೈಟಿನ್ ಇದೆ, ಕೀಟಗಳ ಹೊರಕವಚದಲ್ಲಿರುವ ಅದೇ ಪದಾರ್ಥ. 1969ರಲ್ಲಿ ಜೀವವಿಜ್ಞಾನಿ ರಾಬರ್ಟ್ ವಿಟೇಕರ್ ಜೀವಿಗಳನ್ನು ಐದು ಸಾಮ್ರಾಜ್ಯಗಳಾಗಿ ವಿಂಗಡಿಸಿದಾಗ ಅಣಬೆಯೂ ಸೇರಿದ ಶಿಲೀಂಧ್ರಗಳಿಗೆ ಬೇರೆಯದೇ ಜಾಗ ಕೊಟ್ಟರು. ವಂಶಾವಳಿ ನೋಡಿದರೆ ಅವು ಗುಲಾಬಿಗಿಂತ ನಮಗೇ ಹತ್ತಿರದ ನೆಂಟರು. ಆದ್ದರಿಂದ ಗಿಡದ ಬುದ್ಧಿಯನ್ನು ಬಾಗಿಲಾಚೆ ಬಿಟ್ಟು ಬನ್ನಿ.

ಯಾವ ಅಣಬೆ? ಚಿಪ್ಪು ಅಣಬೆ. ಬಟನ್ ಅಣಬೆಯ ಆಸೆ ಸದ್ಯಕ್ಕೆ ಬೇಡ. ಅದಕ್ಕೆ ವಿಶೇಷವಾಗಿ ಕಳಿಸಿದ ಕಾಂಪೋಸ್ಟ್, ಮೇಲೊಂದು ಹೊದಿಕೆ ಮಣ್ಣು, ಫಲ ಬಿಡುವಾಗ 14ರಿಂದ 18 ಡಿಗ್ರಿ ಸೆಲ್ಸಿಯಸ್ ತಂಪು ಎಲ್ಲ ಬೇಕು. ಚಿಪ್ಪು ಅಣಬೆಗೆ ಭತ್ತದ್ದೋ ಗೋಧಿಯದ್ದೋ ಒಣಹುಲ್ಲು ಸಾಕು.

ಹುಲ್ಲಿನ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಸೋಲು ಗೆಲುವು ತೀರ್ಮಾನವಾಗುವುದು ಇಲ್ಲಿ. ಹೊಸ ಹುಲ್ಲು ತನ್ನಿ, ಮಳೆಯಲ್ಲಿ ನೆನೆದು ಕಪ್ಪಾದದ್ದು ಬೇಡ. ಎರಡು ಅಂಗುಲದ ತುಂಡು ಮಾಡಿ, ರಾತ್ರಿಯಿಡೀ ನೆನೆಸಿ, ಬಸಿದು, 65ರಿಂದ 80 ಡಿಗ್ರಿ ಬಿಸಿಯ ನೀರಿನಲ್ಲಿ ಒಂದು ಗಂಟೆ ಮುಳುಗಿಸಿಡಿ. ಕುದಿಸಿಬಿಟ್ಟರೆ ಇನ್ನೂ ಒಳ್ಳೆಯದಲ್ಲವೇ ಎಂದು ಪ್ರತಿ ಸಭೆಯಲ್ಲೂ ಒಬ್ಬರು ಕೇಳುತ್ತಾರೆ. ಅಲ್ಲ. ಹುಲ್ಲಿನಲ್ಲಿ ಬೂಸ್ಟುಗಳೂ ಇವೆ, ಬಿಸಿ ತಡೆದುಕೊಳ್ಳುವ ಕೆಲವು ಬ್ಯಾಕ್ಟೀರಿಯಾಗಳೂ ಇವೆ. ಹದವಾದ ಬಿಸಿಯಲ್ಲಿ ಬೂಸ್ಟು ಸಾಯುತ್ತದೆ, ಆ ಬ್ಯಾಕ್ಟೀರಿಯಾಗಳು ಉಳಿದು ಹೊಸ ಬೂಸ್ಟಿಗೆ ಅಡ್ಡ ನಿಲ್ಲುತ್ತವೆ. ಎಲ್ಲವನ್ನೂ ಕೊಂದು ಹುಲ್ಲನ್ನು ಬರಿದು ಮಾಡಿದರೆ ಗಾಳಿಯಲ್ಲಿ ತೇಲಿ ಮೊದಲು ಬಂದವನೇ ಯಜಮಾನ. ಬಂದವನು ನಿಮ್ಮ ಅಣಬೆಯೇ ಆಗಿರುತ್ತಾನೆಂದು ಹೇಳುವಂತಿಲ್ಲ.

ಬಸಿದು ಆರಿದ ಮೇಲೆ ಒಂದು ಹಿಡಿ ಹುಲ್ಲು ತೆಗೆದುಕೊಂಡು ಬಲವಾಗಿ ಹಿಂಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡಬೇಕು, ಧಾರೆ ಇಳಿಯಬಾರದು. ಧಾರೆ ಇಳಿದರೆ ಇನ್ನಷ್ಟು ಹರಡಿ. ನೀರು ಹೆಚ್ಚಾದರೆ ಚೀಲದ ತಳ ಕೊಳೆತು ನಾರುತ್ತದೆ. ಆಮೇಲೆ ತೊಳೆದ ಕೈಯಿಂದ ಒಂದು ಪದರ ಹುಲ್ಲು, ಅಂಚಿನ ಸುತ್ತ ಅಣಬೆ ಬೀಜ, ಮತ್ತೆ ಹುಲ್ಲು, ಹೀಗೆ ಪ್ಲಾಸ್ಟಿಕ್ ಚೀಲದಲ್ಲಿ ಅದುಮಿ ತುಂಬಿ. ಬೀಜವೆಂದರೆ ಬೇಯಿಸಿದ ಜೋಳ ಅಥವಾ ಗೋಧಿಯ ಕಾಳಿನ ಮೇಲೆ ಹಬ್ಬಿಸಿದ ಬಿಳಿ ಶಿಲೀಂಧ್ರ. ಕಿಲೋ ಒಣಹುಲ್ಲಿಗೆ ನೂರು ಗ್ರಾಂ ಸಾಕು. ಬಾಯಿ ಕಟ್ಟಿ, ಪಕ್ಕದಲ್ಲಿ ಹತ್ತು ಹದಿನೈದು ಸಣ್ಣ ತೂತು ಮಾಡಿ, ಬೆಳಕು ಬೀಳದ ಮೂಲೆಯಲ್ಲಿ ಇಡಿ. ಹದಿನೈದಿಪ್ಪತ್ತು ದಿನದಲ್ಲಿ ಚೀಲ ಪೂರ್ತಿ ಬೆಳ್ಳಗಾಗುತ್ತದೆ. ಅಲ್ಲಿಯವರೆಗೆ ನಿಮ್ಮ ಕೆಲಸ ಏನೂ ಇಲ್ಲ. ಕೈತೋಟದವರಿಗೆ ಸಹಿಸಲಾಗದ್ದು ಇದೇ.

ನನಗೆ ಪರಿಚಯದ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಗುಲಾಬಿ ಬೆಳೆಸುವುದರಲ್ಲಿ ಎತ್ತಿದ ಕೈ. ಚೀಲವನ್ನು ಕತ್ತಲಲ್ಲಿಡಿ ಎಂದು ನಾನು ಹೇಳಿದ್ದೆ. ಅವರು ಬಟ್ಟೆ ಅಲಮಾರಿಯಲ್ಲಿ, ಕೋಟುಗಳ ಕೆಳಗೆ ಇಟ್ಟರು. ಮೂರನೆಯ ದಿನವೇ ಫೋನು: "ಇನ್ನೂ ಮೊಳಕೆ ಬಂದಿಲ್ಲವಲ್ಲಯ್ಯಾ, ಸ್ವಲ್ಪ ಗೊಬ್ಬರ ಹಾಕಲೇ?" ಬೇಡ ಸಾರ್, ಕಾಯಿರಿ ಎಂದೆ. ಬಿಳಿ ಹಬ್ಬಿದಾಗ ಮತ್ತೆ ಫೋನು: "ಬೂಸ್ಟು ಬಂದುಬಿಟ್ಟಿದೆ, ಒರೆಸಿ ತೆಗೆಯಲೇ?" ಸಾರ್, ಅದೇ ಬೆಳೆ! ಈಗ ಹೊರಗೆ ಗಾಳಿಗಿಡಿ ಎಂದೆ. ಅವರಿಗೆ ಕೇಳಿಸಿದ್ದು "ಅದೇ ಬೆಳೆ" ಎಂಬ ಎರಡು ಪದ ಮಾತ್ರ, ಚೀಲ ಅಲಮಾರಿಯಲ್ಲೇ ಉಳಿಯಿತು. ವಾರ ಕಳೆದು ಸ್ವತಃ ಚೀಲ ಹೊತ್ತುಕೊಂಡೇ ಮನೆಗೆ ಬಂದರು. "ಇದು ಅಣಬೆಯೋ ಕಹಳೆಯೋ, ನೀನೇ ಹೇಳು. ನೀನು ಕೊಟ್ಟ ಬೀಜವೇ ಸರಿಯಿಲ್ಲ." ನೋಡಿದರೆ ಗೇಣುದ್ದದ ತೊಟ್ಟು, ತುದಿಯಲ್ಲಿ ಗುಂಡಿಯಷ್ಟು ಟೊಪ್ಪಿಗೆ. ಬೀಜ ಸರಿಯಾಗಿಯೇ ಇತ್ತು. ಅಣಬೆ ನಮ್ಮಂತೆ ಉಸಿರಾಡಿ ಇಂಗಾಲದ ಡೈ ಆಕ್ಸೈಡ್ ಬಿಡುತ್ತದೆ. ಮುಚ್ಚಿದ ಅಲಮಾರಿಯಲ್ಲಿ ಅದು ತುಂಬಿಕೊಂಡಾಗ ಟೊಪ್ಪಿಗೆ ಅರಳದೆ ತೊಟ್ಟೇ ನೀಳುತ್ತದೆ. ಮೇಷ್ಟ್ರು ಒಪ್ಪಲಿಲ್ಲ. ಒಪ್ಪಿಸಿದ್ದು ಅವರ ಮನೆಯವರು. ಅಲಮಾರಿಯ ಬಟ್ಟೆಗಳಿಗೆಲ್ಲ ಮುಗ್ಗಲು ವಾಸನೆ ಹಿಡಿಯಿತೆಂದು ಚೀಲವನ್ನು ಎತ್ತಿ ಪಡಸಾಲೆಯ ಕಿಟಕಿಯ ಪಕ್ಕ ಕುಕ್ಕಿದರು. ಎರಡನೆಯ ಕೊಯ್ಲು ಅಂಗೈ ಅಗಲ ಬಂತು. ಮೇಷ್ಟ್ರು ಇಂದಿಗೂ ಅದಕ್ಕೆ ತಾವು ಗುಟ್ಟಾಗಿ ಹಾಕಿದ ಗೊಬ್ಬರವೇ ಕಾರಣ ಎನ್ನುತ್ತಾರೆ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಐದು ನಿಮಿಷವಂತೆ. ಬೇಗ ಬೇಗ ಹೇಳುತ್ತೇನೆ. ಫಲ ಬಿಡುವ ಹೊತ್ತಿಗೆ ಗಾಳಿಯಾಡಬೇಕು, ಓದಲು ಸಾಕಾಗುವಷ್ಟು ಬೆಳಕಿರಬೇಕು, ಗಾಳಿಯ ತೇವ ಶೇಕಡಾ 80ರಿಂದ 90 ಇರಬೇಕು. ನೀರನ್ನು ಮಂಜಿನಂತೆ ಸುತ್ತಲಿನ ಗಾಳಿಗೆ ಸಿಂಪಡಿಸಿ, ಗಿಡದ ಬುಡಕ್ಕೆ ಹುಯ್ದಂತೆ ಹುಯ್ಯಬೇಡಿ. ಟೊಪ್ಪಿಗೆಯ ಅಂಚು ಮೇಲಕ್ಕೆ ಮಡಚುವ ಮೊದಲೇ ಗೊಂಚಲನ್ನು ತಿರುಚಿ ಕೀಳಿ. ವಾರ ಹತ್ತು ದಿನದ ಅಂತರದಲ್ಲಿ ಎರಡು ಮೂರು ಕೊಯ್ಲು ಸಿಗುತ್ತದೆ. ಕಿಲೋ ಒಣಹುಲ್ಲಿಗೆ ಅರ್ಧದಿಂದ ಮುಕ್ಕಾಲು ಕಿಲೋ ಅಣಬೆ ಬಂದರೆ ಹೊಸಬರು ಬೀಗಬಹುದು. ಚೀಲದಲ್ಲಿ ಹಸಿರು ಕಂಡರೆ ಅದು ಸಾಮಾನ್ಯವಾಗಿ ಟ್ರೈಕೋಡರ್ಮ ಎಂಬ ಬೂಸ್ಟು. ಹೆಚ್ಚು ಹರಡಿದ್ದರೆ ಮನೆಯೊಳಗೆ ಬಿಚ್ಚದೆ ಹೊರಗೆ ಸಾಗಿಸಿ. ಕೊಯ್ಲೆಲ್ಲ ಮುಗಿದ ಹುಲ್ಲು ಕಾಂಪೋಸ್ಟಿಗೆ ಸೊಗಸು. ಅದರ ಬಗ್ಗೆ ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಮಲಗುವ ಕೋಣೆಯಲ್ಲಿ ಮಾತ್ರ ಇಡಬೇಡಿ. ಬಲಿತ ಚಿಪ್ಪು ಅಣಬೆ ರಾಶಿ ರಾಶಿ ಬೀಜಕಣ ಉದುರಿಸುತ್ತದೆ, ಕೆಲವರಿಗೆ ಕೆಮ್ಮು, ಉಬ್ಬಸ ತರುತ್ತದೆ. ಮತ್ತೆ, ಈ ಉತ್ಸಾಹದಲ್ಲಿ ಬಯಲಿನ ಅಣಬೆ ಕಿತ್ತು ತರಬೇಡಿ. ವಿಷದ ಅಣಬೆ ತಾಗಿದರೆ ಬೆಳ್ಳಿ ಕಪ್ಪಾಗುತ್ತದೆ, ಬೆಳ್ಳುಳ್ಳಿ ಬಣ್ಣ ಬದಲಿಸುತ್ತದೆ ಎಂಬ ಪರೀಕ್ಷೆಗಳೆಲ್ಲ ಸುಳ್ಳು. ಅಮಾನಿಟಾ ಫಾಲಾಯ್ಡಿಸ್ ಎಂಬ ಮಾರಕ ಅಣಬೆಯ ವಿಷ ಎಷ್ಟು ಬೇಯಿಸಿದರೂ ಹೋಗುವುದಿಲ್ಲ, ತಿಂದು ಎಷ್ಟೋ ಗಂಟೆಗಳ ಮೇಲೆ ವಾಂತಿ ಭೇದಿ ಶುರುವಾಗುತ್ತದೆ.

ಬೀಜ ತಯಾರಿಕೆಯ ಬಗ್ಗೆ ನಾಲ್ಕು ಪುಟ ಬರೆದುಕೊಂಡು ಬಂದಿದ್ದೆ, ಅವನ್ನು ಮಡಚಿಡುತ್ತೇನೆ. ಹೊಸಬರು ಬೀಜವನ್ನು ಕೊಂಡುಕೊಳ್ಳುವುದೇ ವಾಸಿ. ಎರಡು ಪ್ರಶ್ನೆಗೆ ಸಮಯವಿದೆಯಂತೆ. ಕುದಿಸುವ ಪ್ರಶ್ನೆ ಬಿಟ್ಟು ಬೇರೆ ಯಾವುದಾದರೂ ಕೇಳಿ.